ಉಪ್ಪಿನ ಕೈ ಹಿಡಿದು ಬಂದ ಸಕ್ಕರೆ

ಕಳೆದ ವರ್ಷ ಮಳೆಗಾಲ ಶುರುವಾದ ಹೊಸತರಲ್ಲಿ ತುಮಕೂರಿನ ತಂಗಿಯ ಮನೆಗೆ ಹೋಗಿದ್ದೆ. ಹೋದ ಮರುದಿನವೇ ಅವಳ ಆರು ವರ್ಷದ ಮಗನಿಗೆ ವಾಂತಿ-ಭೇದಿ ಶುರುವಾಯಿತು. ಹಿಂದಿನ ಸಂಜೆ ರಸ್ತೆಬದಿಯ ಗಾಡಿಯಲ್ಲಿ ಅವನಿಗೆ ಪಾನಿಪುರಿ ಕೊಡಿಸಿದ್ದು ಬೇರೆ ಯಾರೂ ಅಲ್ಲ, ನಾನೇ. ಹುಡುಗನ ಕಣ್ಣು ಗುಳಿಬಿದ್ದಿತ್ತು, ತುಟಿ ಒಣಗಿತ್ತು. ಡಾಕ್ಟರು ಪರೀಕ್ಷಿಸಿ, 'ಡ್ರಿಪ್ ಹಾಕುವ ಸ್ಥಿತಿಗೆ ಹೋಗಿಲ್ಲ, ಇದನ್ನು ಸ್ವಲ್ಪ ಸ್ವಲ್ಪವೇ ಕುಡಿಸುತ್ತಾ ಇರಿ' ಎಂದು ಓಆರ್‌ಎಸ್ ಪೊಟ್ಟಣಗಳನ್ನು ಕೊಟ್ಟು ಕಳಿಸಿದರು.

ಮನೆಗೆ ಬಂದವನೇ ಒಂದು ಪೊಟ್ಟಣ ಹರಿದು, ಅಷ್ಟೂ ಪುಡಿಯನ್ನು ಒಂದು ಲೋಟ ನೀರಿಗೆ ಸುರಿದು ಚಮಚದಿಂದ ತಿರುವತೊಡಗಿದೆ. ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ಸೊಸೆ ಪಕ್ಕದಲ್ಲೇ ನಿಂತು ಪೊಟ್ಟಣದ ಬೆನ್ನು ಓದುತ್ತಿದ್ದಳು. 'ಮಾಮ, ಒಂದು ಲೀಟರ್ ನೀರಿಗೆ ಹಾಕಬೇಕು ಅಂತ ಬರೆದಿದೆ.'

'ಇರಲಿ ಬಿಡಮ್ಮ. ಗಟ್ಟಿಯಾಗಿದ್ದರೆ ಬೇಗ ಶಕ್ತಿ ಬರುತ್ತೆ' ಎಂದೆ.

ಅವಳು ಲೋಟವನ್ನು ನನ್ನ ಕೈಯಿಂದ ತೆಗೆದುಕೊಂಡೇಬಿಟ್ಟಳು. 'ಬೇಡ ಮಾಮ. ಮೊಟ್ಟೆಗೆ ಏನಾಯ್ತು ಅಂತ ನೀವೇ ನೋಡಿದ್ರಲ್ಲ!'

ಮೊಟ್ಟೆಯ ಕಥೆ ಹೇಳಬೇಕು. ಶಾಲೆಯಲ್ಲಿ ಹೇಳಿಕೊಟ್ಟ ಪ್ರಯೋಗವನ್ನು ಅವಳು ಮನೆಯಲ್ಲೂ ಮಾಡಿದ್ದಳು. ಅಡುಗೆಮನೆಗೆ ಮೊಟ್ಟೆ ಬರಕೂಡದೆಂಬ ಕಟ್ಟಳೆ ಇರುವುದರಿಂದ ಅವಳ ಪ್ರಯೋಗಶಾಲೆ ತಾರಸಿಯ ಮೇಲೆ, ನೀರಿನ ಟ್ಯಾಂಕಿನ ನೆರಳಿನಲ್ಲಿತ್ತು. ಎರಡು ಹಸಿ ಮೊಟ್ಟೆಗಳನ್ನು ವಿನಿಗರ್‌ನಲ್ಲಿ ಎರಡು ದಿನ ಮುಳುಗಿಸಿಟ್ಟಿದ್ದಳು. ಸುಣ್ಣದ ಚಿಪ್ಪು ಕರಗಿಹೋಗಿ ಮೊಟ್ಟೆ ತೆಳ್ಳನೆಯ ಪೊರೆಯ ಚೀಲದಂತಾಗಿತ್ತು. ಒಂದನ್ನು ಬರೀ ನೀರಿನಲ್ಲೂ ಇನ್ನೊಂದನ್ನು ಗಟ್ಟಿ ಉಪ್ಪುನೀರಿನಲ್ಲೂ ಇಟ್ಟಳು. ನಾನು ಹೋದ ದಿನ ಕೈಹಿಡಿದು ಎಳೆದುಕೊಂಡು ಹೋಗಿ ತೋರಿಸಿದ್ದಳು. ನೀರಿನಲ್ಲಿದ್ದದ್ದು ಉಬ್ಬಿ ಬಿಗಿದ ಚೆಂಡಿನಂತಿತ್ತು. ಉಪ್ಪುನೀರಿನಲ್ಲಿದ್ದದ್ದು ಗಾಳಿ ಹೋದ ಬಲೂನಿನಂತೆ ಸುಕ್ಕುಗಟ್ಟಿತ್ತು. 'ಭೇಷ್' ಎಂದು ಬೆನ್ನು ತಟ್ಟಿ ಇಳಿದು ಬಂದಿದ್ದೆ. ಆ ಮೊಟ್ಟೆಗೂ ನಮ್ಮ ಹುಡುಗನ ಹೊಟ್ಟೆಗೂ ಸಂಬಂಧವಿದೆ ಎಂದು ನನಗೆ ಹೊಳೆದಿರಲಿಲ್ಲ. ಅವಳಿಗೆ ಹೊಳೆಯಿತು.

ನೀರು ಯಾವ ಕಡೆಗೆ ಹರಿಯುತ್ತದೆ?

ಊದುಬತ್ತಿ ಹಚ್ಚಿದರೆ ಪರಿಮಳ ದೇವರ ಕೋಣೆಯಲ್ಲಿ ನಿಲ್ಲುವುದಿಲ್ಲ, ಪಡಸಾಲೆಯವರೆಗೂ ಹರಡುತ್ತದೆ. ಹೆಚ್ಚು ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಕಣಗಳು ಹೀಗೆ ತಾವಾಗಿಯೇ ಹರಡಿಕೊಳ್ಳುವುದಕ್ಕೆ ವಿಸರಣೆ ಎಂದು ಹೆಸರು. ಈಗ ನಡುವೆ ಒಂದು ಪೊರೆ ಅಡ್ಡ ಬಂದಿದೆ ಎನ್ನಿ. ನೀರನ್ನು ಸಲೀಸಾಗಿ ಬಿಡುವ, ಆದರೆ ನೀರಿನಲ್ಲಿ ಕರಗಿದ ವಸ್ತುವನ್ನು ತಡೆಯುವ ಪೊರೆ. ಉಪ್ಪೋ ಸಕ್ಕರೆಯೋ ಆಚೆ ಹೋಗಿ ಸಮನಾಗಲಾರದು. ಆಗ ನೀರೇ ಎದ್ದು ಹೊರಡುತ್ತದೆ. ತೆಳುವಾದ ದ್ರಾವಣದ ಕಡೆಯಿಂದ ಗಟ್ಟಿ ದ್ರಾವಣದ ಕಡೆಗೆ ಅದರ ಪಯಣ. ಇದೇ ಅಭಿಸರಣೆ.

ಪ್ರತಿದಿನ ಅಡುಗೆಮನೆಯಲ್ಲಿ ಇದನ್ನು ನೋಡುವವರು ಅಮ್ಮಂದಿರು. ಕೋಸಂಬರಿಗೆ ಉಪ್ಪನ್ನು ಊಟದ ಹೊತ್ತಿಗೆ ಹಾಕುವುದೇಕೆ? ಮೊದಲೇ ಹಾಕಿಟ್ಟರೆ ಸೌತೆಕಾಯಿ ನೀರು ಬಿಟ್ಟು ಪಾತ್ರೆಯ ತಳದಲ್ಲಿ ಕೆರೆಯಾಗುತ್ತದೆ. ಮಾವಿನ ಮಿಡಿಯನ್ನು ಉಪ್ಪಿನಲ್ಲಿಟ್ಟರೆ ನಾಲ್ಕಾರು ದಿನದಲ್ಲಿ ಸುಕ್ಕಾಗುತ್ತದೆ. ಪಾಯಸದಲ್ಲಿ ಬಿದ್ದ ಒಣದ್ರಾಕ್ಷಿ ಉಬ್ಬುತ್ತದೆ. ಸೌತೆಕಾಯಿ, ಮಿಡಿಗಳಲ್ಲಿ ನೀರು ಹೊರಕ್ಕೆ, ದ್ರಾಕ್ಷಿಯಲ್ಲಿ ಒಳಕ್ಕೆ. ನಿಯಮ ಮಾತ್ರ ಒಂದೇ. ಗಟ್ಟಿ ಇರುವ ಕಡೆಗೆ ನೀರು.

ಮೊಟ್ಟೆಚಿಪ್ಪಿನ ಒಳಗಿನ ಪೊರೆ ಜೀವಕೋಶದ ಪೊರೆಯಲ್ಲ. ಆದರೆ ಪಾಠ ಕಲಿಸುವ ಮಟ್ಟಿಗೆ ಅದು ಒಳ್ಳೆಯ ಪಾತ್ರಧಾರಿ. ನಿಜವಾದ ಕೋಶಪೊರೆ ಅದಕ್ಕಿಂತ ಬಹಳ ತೆಳ್ಳಗೆ, ಬಹಳ ಚತುರ.

ಎಣ್ಣೆಯ ಗೋಡೆ, ಬಗೆಬಗೆಯ ಬಾಗಿಲು

ಕೋಶಪೊರೆಯ ದಪ್ಪ ಸುಮಾರು 7ರಿಂದ 8 ನ್ಯಾನೊಮೀಟರ್. ಅಂಥ ಹತ್ತು ಸಾವಿರ ಪೊರೆಗಳನ್ನು ಒಂದರ ಮೇಲೊಂದು ಪೇರಿಸಿದರೆ ನಮ್ಮ ತಲೆಗೂದಲಿನಷ್ಟು ದಪ್ಪವಾದೀತು. 1925ರಲ್ಲಿ ಹಾಲೆಂಡಿನ ಗೋರ್ಟರ್ ಮತ್ತು ಗ್ರೆಂಡೆಲ್ ಎಂಬ ವಿಜ್ಞಾನಿಗಳು ಕೆಂಪು ರಕ್ತಕಣಗಳ ಕೊಬ್ಬನ್ನು ಬೇರ್ಪಡಿಸಿ ನೀರಿನ ಮೇಲೆ ಒಂದೇ ಪದರವಾಗಿ ಹರಡಿದರು. ಅದು ಆ ಕಣಗಳ ಮೇಲ್ಮೈಗಿಂತ ಎರಡು ಪಟ್ಟು ಜಾಗ ಹಿಡಿಯಿತು. ಅಂದರೆ ಕೋಶದ ಸುತ್ತ ಇರುವುದು ಕೊಬ್ಬಿನ ಎರಡು ಪದರ ಎಂದು ಅವರು ಊಹಿಸಿದರು. ಊಹೆ ಸರಿಯಾಗಿತ್ತು. ಈ ಕೊಬ್ಬಿನ ಪದರದಲ್ಲಿ ಪ್ರೊಟೀನುಗಳು ತೇಲುತ್ತಿರುತ್ತವೆ ಎಂಬ ಚಿತ್ರವನ್ನು 1972ರಲ್ಲಿ ಸಿಂಗರ್ ಮತ್ತು ನಿಕೋಲ್ಸನ್ ಕೊಟ್ಟರು. ಇಂದಿನ ಪಠ್ಯಪುಸ್ತಕಗಳಲ್ಲಿ ಇರುವುದು ಬಹುಮಟ್ಟಿಗೆ ಅದೇ ಚಿತ್ರ.

ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲ ಎಂಬುದು ಗೊತ್ತೇ ಇದೆ. ಆಮ್ಲಜನಕ, ಇಂಗಾಲದ ಡೈ ಆಕ್ಸೈಡಿನಂಥ ಪುಟ್ಟ ಅಣುಗಳು ಈ ಎಣ್ಣೆಯ ಗೋಡೆಯಲ್ಲಿ ನುಸುಳಿ ಹೋಗುತ್ತವೆ. ಆದರೆ ಗ್ಲೂಕೋಸ್ ನೀರಿನ ಸ್ನೇಹಿತ, ಗಾತ್ರದಲ್ಲೂ ದೊಡ್ಡದು. ಉಪ್ಪಿನಲ್ಲಿರುವ ಸೋಡಿಯಂ ವಿದ್ಯುದಾವೇಶ ಹೊತ್ತ ಕಣ. ಇವೆರಡಕ್ಕೂ ಗೋಡೆಯಲ್ಲಿ ದಾರಿಯಿಲ್ಲ, ಬಾಗಿಲೇ ಬೇಕು. ಪ್ರೊಟೀನುಗಳೇ ಆ ಬಾಗಿಲುಗಳು. ನೀರು ಕೂಡ ಅನೇಕ ಕೋಶಗಳಲ್ಲಿ ತನ್ನದೇ ಕೊಳವೆಗಳ ಮೂಲಕ ಹರಿಯುತ್ತದೆ. ಅಂಥ ಕೊಳವೆಯೊಂದನ್ನು 1992ರಲ್ಲಿ ತೋರಿಸಿಕೊಟ್ಟ ಅಮೆರಿಕದ ಪೀಟರ್ ಆಗ್ರೆ ಅವರಿಗೆ 2003ರ ರಸಾಯನವಿಜ್ಞಾನದ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು.

ಬಾಗಿಲುಗಳ ಜೊತೆಗೆ ಒಂದು ಪಂಪೂ ಇದೆ. ಕೋಶದ ಒಳಗಿರುವುದಕ್ಕಿಂತ ಸುಮಾರು ಹತ್ತು ಪಟ್ಟು ಹೆಚ್ಚು ಸೋಡಿಯಂ ಹೊರಗಿರುತ್ತದೆ. ಬಿಟ್ಟರೆ ಅದು ಒಳಕ್ಕೆ ನುಗ್ಗುತ್ತದೆ. ನುಗ್ಗಿದ್ದನ್ನು ಹೊರಹಾಕಲು ಈ ಪಂಪು ಬಿಡುವಿಲ್ಲದೆ ದುಡಿಯುತ್ತದೆ. ಎಟಿಪಿ ಎಂಬ ಇಂಧನದ ಒಂದು ಅಣುವನ್ನು ಖರ್ಚು ಮಾಡಿ ಮೂರು ಸೋಡಿಯಂ ಕಣಗಳನ್ನು ಹೊರಗೆ ದಬ್ಬಿ, ಎರಡು ಪೊಟ್ಯಾಸಿಯಂ ಕಣಗಳನ್ನು ಒಳಗೆ ಎಳೆದುಕೊಳ್ಳುತ್ತದೆ. ಡೆನ್ಮಾರ್ಕಿನ ಯೆನ್ಸ್ ಸ್ಕೌ ಇದನ್ನು ಏಡಿಯ ನರಗಳಲ್ಲಿ ಪತ್ತೆಹಚ್ಚಿ 1957ರಲ್ಲಿ ಪ್ರಕಟಿಸಿದರು. ನೊಬೆಲ್ ಬಂದದ್ದು ನಲವತ್ತು ವರ್ಷಗಳ ನಂತರ, 1997ರಲ್ಲಿ. ನಾವು ಕೈಕಾಲು ಆಡಿಸದೆ ಮಲಗಿದ್ದಾಗಲೂ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಹೆಚ್ಚುಕಡಿಮೆ ಐದನೆಯ ಒಂದು ಭಾಗ ಈ ಪಂಪುಗಳಿಗೇ ಹೋಗುತ್ತದೆ.

ಇಷ್ಟೊಂದು ಖರ್ಚು ಯಾಕೆ? ತಾರಸಿಯ ಟ್ಯಾಂಕನ್ನೇ ನೋಡಿ. ಕರೆಂಟು ಖರ್ಚು ಮಾಡಿ ನೀರನ್ನು ಮೇಲಕ್ಕೆ ಏರಿಸಿಟ್ಟರೆ, ಆಮೇಲೆ ನಲ್ಲಿ ತಿರುಗಿಸಿದಾಗ ಅದು ತಾನೇ ಇಳಿದು ಬರುತ್ತದೆ. ಹೊರಗೆ ಕೂಡಿಟ್ಟ ಸೋಡಿಯಂ ಕೂಡ ಹಾಗೆಯೇ. ಇಳಿದು ಬರುವ ಅದರ ಆತುರವನ್ನು ಕೋಶ ಬೇರೆ ಕೆಲಸಕ್ಕೆ ಬಳಸಿಕೊಳ್ಳುತ್ತದೆ.

ಜೊತೆಯಾಗಿ ಬಂದರಷ್ಟೇ ಪ್ರವೇಶ

ಯಾವ ಕೆಲಸ? ಅಮೆರಿಕದ ಜೀವರಸಾಯನ ವಿಜ್ಞಾನಿ ರಾಬರ್ಟ್ ಕ್ರೇನ್ 1960ರ ಆಗಸ್ಟ್‌ನಲ್ಲಿ ಪ್ರಾಗ್ ನಗರದ ಸಮ್ಮೇಳನವೊಂದರಲ್ಲಿ ಅದಕ್ಕೆ ಉತ್ತರ ಮುಂದಿಟ್ಟರು. ಸಣ್ಣಕರುಳಿನ ಕೋಶಗಳಲ್ಲಿ ಒಂದು ವಿಶೇಷ ಬಾಗಿಲಿದೆ. ಗ್ಲೂಕೋಸ್ ಒಂದೇ ಬಂದರೆ ಅದು ಒಳಗೆ ಬಿಡದು, ಸೋಡಿಯಂ ಒಂದೇ ಬಂದರೂ ಬಿಡದು. ಇಬ್ಬರೂ ಕೈಹಿಡಿದು ಬರಬೇಕು. ಎರಡು ಸೋಡಿಯಂ ಕಣಗಳಿಗೆ ಒಂದು ಗ್ಲೂಕೋಸ್ ಎಂಬ ಲೆಕ್ಕ ಮುಂದೆ ತಿಳಿಯಿತು. ಒಳಗೆ ಬಂದ ಸೋಡಿಯಂ ಅನ್ನು ಕೋಶದ ಆಚೆ ಬದಿಯ ಪಂಪು ರಕ್ತದ ಕಡೆಗೆ ದಬ್ಬುತ್ತದೆ. ಗ್ಲೂಕೋಸ್ ಇನ್ನೊಂದು ಬಾಗಿಲಿನಿಂದ ಅದೇ ಕಡೆಗೆ ಇಳಿಯುತ್ತದೆ. ಉಪ್ಪು-ಸಕ್ಕರೆ ಎರಡೂ ಆಚೆ ಸೇರಿದಾಗ ಅವುಗಳ ಹಿಂದೆ ಕರುಳಿನ ನೀರೂ ಹೊರಡುತ್ತದೆ, ಅಭಿಸರಣೆಯ ಹಳೆಯ ನಿಯಮದಂತೆ.

ಕಾಲರಾ ರೋಗಕ್ಕೂ ಇದಕ್ಕೂ ಏನು ಸಂಬಂಧ? ಕಾಲರಾ ಕ್ರಿಮಿ ಕರುಳನ್ನು ಕೊರೆಯುವುದಿಲ್ಲ. ಅದು ಒಂದು ವಿಷವನ್ನು ಬಿಡುತ್ತದೆ. ಕಲ್ಕತ್ತೆಯ ಶಂಭುನಾಥ ದೇ ಇದನ್ನು 1959ರಲ್ಲಿ ತೋರಿಸಿಕೊಟ್ಟರು. ಆ ವಿಷ ಕರುಳಿನ ಕೋಶಗಳ ಕ್ಲೋರೈಡ್ ತೂಬನ್ನು ತೆರೆದಿಟ್ಟುಬಿಡುತ್ತದೆ. ಕ್ಲೋರೈಡ್ ಹೊರಕ್ಕೆ ಹರಿದರೆ ಸೋಡಿಯಂ ಹಿಂಬಾಲಿಸುತ್ತದೆ, ಅದರ ಹಿಂದೆ ನೀರು. ರೋಗ ಜೋರಾದರೆ ಗಂಟೆಗೆ ಒಂದು ಲೀಟರ್‌ವರೆಗೂ ನೀರು ದೇಹದಿಂದ ಹೋಗಬಹುದು. ಬರೀ ನೀರು ಕುಡಿಸಿದರೆ ಈ ನಷ್ಟ ತುಂಬುವುದಿಲ್ಲ. ಬರೀ ಉಪ್ಪುನೀರೂ ಸಾಲದು. ಆದರೆ ಇಷ್ಟೆಲ್ಲ ಕೆಡಿಸುವ ಆ ವಿಷ ಒಂದನ್ನು ಮಾತ್ರ ಕೆಡಿಸುವುದಿಲ್ಲ: ಉಪ್ಪು-ಸಕ್ಕರೆಯ ಜೋಡಿ ಬಾಗಿಲನ್ನು. ಕರುಳು ಒಂದು ಕಡೆ ನೀರು ಚೆಲ್ಲುತ್ತಿದ್ದರೂ ಇನ್ನೊಂದು ಕಡೆ ಕುಡಿಯಬಲ್ಲದು.

ಗ್ಲೂಕೋಸ್ ಬೆರೆಸಿದ ಉಪ್ಪುನೀರಿನಿಂದ ಕಾಲರಾ ರೋಗಿಗಳು ಚೇತರಿಸಿಕೊಂಡದ್ದನ್ನು ಕಲ್ಕತ್ತೆಯ ಹೇಮೇಂದ್ರನಾಥ ಚಟರ್ಜಿ 1953ರಲ್ಲೇ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದಿದ್ದರು. ಏಕೆ ಹೀಗಾಗುತ್ತದೆ ಎಂಬ ವಿವರಣೆ ಆಗಿನ್ನೂ ಇರಲಿಲ್ಲ. ವೈದ್ಯಲೋಕ ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಬಾಗಿಲಿನ ಗುಟ್ಟು ತಿಳಿದ ಮೇಲೆ, 1968ರ ಹೊತ್ತಿಗೆ, ಢಾಕಾ ಮತ್ತು ಕಲ್ಕತ್ತೆಯ ಆಸ್ಪತ್ರೆಗಳಲ್ಲಿ ವ್ಯವಸ್ಥಿತ ಪ್ರಯೋಗಗಳು ನಡೆದವು. ಆದರೂ ಆಸ್ಪತ್ರೆಯ ಹೊರಗೆ, ಡಾಕ್ಟರು ನರ್ಸುಗಳ ಕಣ್ಗಾವಲಿಲ್ಲದೆ ಇದನ್ನು ಕೊಡಬಹುದೆಂಬ ಧೈರ್ಯ ಯಾರಿಗೂ ಬಂದಿರಲಿಲ್ಲ.

ಬನಗಾಂವ್ ಶಿಬಿರದಲ್ಲಿ

ಧೈರ್ಯವನ್ನು ಕಷ್ಟಕಾಲ ತಂದುಕೊಟ್ಟಿತು. 1971ರ ಬಾಂಗ್ಲಾ ವಿಮೋಚನೆಯ ಹೋರಾಟದಲ್ಲಿ ಲಕ್ಷಾಂತರ ನಿರಾಶ್ರಿತರು ಪಶ್ಚಿಮ ಬಂಗಾಳಕ್ಕೆ ಬಂದರು. ಗಡಿಯ ಬನಗಾಂವ್‌ನಲ್ಲಿ ಕಾಲರಾ ಹಬ್ಬಿತು. ಆಸ್ಪತ್ರೆಯ ನೆಲದ ಮೇಲೆಲ್ಲ ರೋಗಿಗಳು. ನರಕ್ಕೆ ಏರಿಸುವ ಸಲೈನ್ ಬಾಟಲಿಗಳು ಮುಗಿಯುತ್ತ ಬಂದಿದ್ದವು. ಅಲ್ಲಿದ್ದ ವೈದ್ಯ ದಿಲೀಪ್ ಮಹಲನಬಿಸ್ ಬಾಯಿಯ ಮೂಲಕವೇ ದ್ರಾವಣ ಕೊಡಲು ನಿರ್ಧರಿಸಿದರು. ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡ. ಮೂರೇ ವಸ್ತು. ಕಲ್ಕತ್ತೆಯಲ್ಲಿ ತೂಗಿ, ಪೊಟ್ಟಣ ಕಟ್ಟಿ ತಂದು, ಶಿಬಿರದಲ್ಲಿ ಡ್ರಮ್ಮುಗಳಲ್ಲಿ ಕಲಸಿದರು. ಕುಡಿಸಿದವರು ರೋಗಿಗಳ ತಾಯಂದಿರು, ಅಣ್ಣತಮ್ಮಂದಿರು. ಬಾಯಿಗೆ ಕೊಡುವ ನೀರನ್ನು ಜನ ಹಗುರವಾಗಿ ಕಂಡಾರೆಂದು ಅದನ್ನು 'ಓರಲ್ ಸಲೈನ್' ಎಂದು ಕರೆದರು.

ಆ ಕೆಟ್ಟ ಸ್ಥಿತಿಯಲ್ಲಿ ನೂರಕ್ಕೆ ಸುಮಾರು 30ರಷ್ಟಿದ್ದ ಸಾವು ಅವರ ಆರೈಕೆಯಲ್ಲಿದ್ದವರಲ್ಲಿ 3.6ಕ್ಕೆ ಇಳಿಯಿತು. 1978ರಲ್ಲಿ 'ಲ್ಯಾನ್ಸೆಟ್' ತನ್ನ ಸಂಪಾದಕೀಯದಲ್ಲಿ, ಸಕ್ಕರೆ ಉಪ್ಪಿನ ಈ ನಂಟನ್ನು ಅರಿತದ್ದು ಬಹುಶಃ ಶತಮಾನದ ಅತಿ ಮುಖ್ಯ ವೈದ್ಯಕೀಯ ಮುನ್ನಡೆ ಎಂಬ ಅರ್ಥದ ಮಾತು ಬರೆಯಿತು. ಮಹಲನಬಿಸ್ 2022ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. 2023ರಲ್ಲಿ ಅವರಿಗೆ ಮರಣೋತ್ತರ ಪದ್ಮವಿಭೂಷಣ ಬಂತು. ಅಷ್ಟು ಹೊತ್ತಿಗೆ ಅವರ ಪೊಟ್ಟಣ ಉಳಿಸಿದ ಮಕ್ಕಳು ಲೆಕ್ಕಕ್ಕೆ ಸಿಗದಷ್ಟು.

ಒಂದು ಲೀಟರೇ ಯಾಕೆ?

ಈಗ ನನ್ನ ಲೋಟಕ್ಕೆ ಬರೋಣ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2002ರಲ್ಲಿ ಸುಧಾರಿಸಿದ ಸೂತ್ರದಂತೆ ಒಂದು ಲೀಟರ್ ನೀರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್ ಇರಬೇಕು. ಕರಗಿದ ಕಣಗಳ ಎಣಿಕೆಯಲ್ಲಿ ಹೇಳುವುದಾದರೆ ಗ್ಲೂಕೋಸ್ 75, ಸೋಡಿಯಂ 75, ಕ್ಲೋರೈಡ್ 65, ಪೊಟ್ಯಾಸಿಯಂ 20, ಸಿಟ್ರೇಟ್ 10. ವಿದ್ಯಾರ್ಥಿಗಳು ಕೂಡಿಸಿ ನೋಡಲಿ: 245. ನಮ್ಮ ರಕ್ತದಲ್ಲಿ ಇದೇ ಎಣಿಕೆ ಸುಮಾರು 290. ದ್ರಾವಣ ರಕ್ತಕ್ಕಿಂತ ತುಸು ತೆಳು. ಆದ್ದರಿಂದ ನೀರು ಕರುಳಿನಿಂದ ರಕ್ತಕ್ಕೆ ಇಳಿಯುತ್ತದೆ.

ಅದೇ ಪುಡಿಯನ್ನು 200 ಮಿಲಿಲೀಟರ್ ಲೋಟಕ್ಕೆ ಸುರಿದರೆ? ಐದು ಪಟ್ಟು ಗಟ್ಟಿ, 1225! ಈಗ ಗಟ್ಟಿ ಇರುವುದು ಕರುಳಿನ ಕಡೆ. ನೀರು ದೇಹದಿಂದ ಕರುಳಿಗೆ ಸುರಿಯುತ್ತದೆ, ಭೇದಿ ಹೆಚ್ಚುತ್ತದೆ. ಹೀರಿಕೊಂಡ ಮಿತಿಮೀರಿದ ಉಪ್ಪು ರಕ್ತದಲ್ಲಿ ಸೋಡಿಯಂ ಅನ್ನು ಅಪಾಯದ ಮಟ್ಟಕ್ಕೆ ಏರಿಸಬಹುದು. ಪುಟ್ಟ ಮಕ್ಕಳ ಮಿದುಳಿಗೇ ಅದರ ಪೆಟ್ಟು ಬೀಳಬಹುದು. ಉಪ್ಪುನೀರಿನಲ್ಲಿ ಮುದುಡಿದ ಮೊಟ್ಟೆಯನ್ನು ನಾನು ತಾರಸಿಯ ಮೇಲೆ ನೋಡಿ ಇಳಿದು ಬಂದು, ಕೆಳಗೆ ಅದೇ ಪ್ರಯೋಗವನ್ನು ಸೋದರಳಿಯನ ಮೇಲೆ ಮಾಡಹೊರಟಿದ್ದೆ.

ರುಚಿಯಾಗಲೆಂದು ಎರಡು ಚಮಚ ಸಕ್ಕರೆ ಸೇರಿಸುವುದೂ ಇದೇ ತಪ್ಪು. ಜೋಡಿ ಸಿಗದ ಸಕ್ಕರೆ ಕರುಳಿನಲ್ಲೇ ಕುಳಿತು ನೀರೆಳೆಯುತ್ತದೆ. ಬಾಟಲಿಯ ತಂಪು ಪಾನೀಯಗಳು, ಸಿಹಿ ಹಣ್ಣಿನ ರಸಗಳು ಭೇದಿಗೆ ಮದ್ದಲ್ಲವೆಂಬುದಕ್ಕೆ ಕಾರಣವೂ ಇದೇ. ಹೆಸರಿನಲ್ಲಿ ಓಆರ್‌ಎಸ್ ಎಂದು ಬರೆದುಕೊಂಡ ಸಿಹಿ ಪಾನೀಯಗಳು ಔಷಧಿ ಅಂಗಡಿಗಳಲ್ಲೇ ಮಾರಾಟವಾಗುತ್ತಿದ್ದವು. 2025ರ ಅಕ್ಟೋಬರ್‌ನಲ್ಲಿ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ಆಹಾರ ಪಾನೀಯಗಳು ಆ ಹೆಸರನ್ನು ಬಳಸಕೂಡದೆಂದು ಆದೇಶಿಸಿತು. ಕೊಳ್ಳುವಾಗ ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಇದೆಯೇ ಎಂದು ನೋಡಿಕೊಳ್ಳಿ.

ತಂದೆತಾಯಿಯರಿಗೆ ಇನ್ನು ಕೆಲವು ಮಾತು. ಕುದಿಸಿ ಆರಿಸಿದ ನೀರನ್ನು ಪೊಟ್ಟಣ ಹೇಳಿದಷ್ಟೇ ಅಳೆದು ಬಳಸಿ. ಚಿಕ್ಕ ಪೊಟ್ಟಣಗಳೂ ಇರುತ್ತವೆ, ಓದಿಯೇ ಕಲಸಿ. ಕಲಸಿದ್ದನ್ನು ಮತ್ತೆ ಕುದಿಸಬೇಡಿ, 24 ಗಂಟೆ ದಾಟಿದರೆ ಚೆಲ್ಲಿ. ಮಗು ವಾಂತಿ ಮಾಡಿದರೆ ಹತ್ತು ನಿಮಿಷ ತಡೆದು, ಮತ್ತೆ ಚಮಚ ಚಮಚವಾಗಿ ಕುಡಿಸಿ. ಎದೆಹಾಲು, ಊಟ ನಿಲ್ಲಿಸಬೇಡಿ. ಸತುವಿನ ಮಾತ್ರೆಯನ್ನು ಡಾಕ್ಟರು ಬರೆದುಕೊಟ್ಟರೆ, ಭೇದಿ ನಿಂತರೂ ಹೇಳಿದಷ್ಟು ದಿನ ಕೊಡಿ. ಮಗು ಕುಡಿಯಲಾರದಷ್ಟು ಸೋತರೆ, ಮಂಪರಾದರೆ, ಮೂತ್ರ ನಿಂತರೆ, ಮಲದಲ್ಲಿ ರಕ್ತ ಕಂಡರೆ ಮನೆಮದ್ದು ಬಿಟ್ಟು ಆಸ್ಪತ್ರೆಗೆ ಓಡಿ. ಪೊಟ್ಟಣ ಸಿಗದ ಕಡೆ ಒಂದು ಲೀಟರ್ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಸಕ್ಕರೆ ಕರುಳಿನಲ್ಲಿ ಒಡೆದು ಗ್ಲೂಕೋಸ್ ಕೊಡುತ್ತದೆ.

ಅಜ್ಜಿಯರ ಉಪ್ಪು ಹಾಕಿದ ಅಕ್ಕಿ ಗಂಜಿಯ ಹಿಂದೆಯೂ ಇದೇ ಲೆಕ್ಕವಿದೆ. ಪಿಷ್ಟದ ಅಣು ಬಲು ದೊಡ್ಡದು. ಹಾಗಾಗಿ ಗಂಜಿಯಲ್ಲಿ ಕಣಗಳ ಎಣಿಕೆ ಕಡಿಮೆ, ಅದು ನೀರನ್ನು ಎಳೆಯುವುದಿಲ್ಲ. ನಿಧಾನವಾಗಿ ಒಡೆದು ಗ್ಲೂಕೋಸನ್ನು ಒಂದೊಂದಾಗಿ ಬಾಗಿಲಿಗೆ ಕಳಿಸುತ್ತದೆ. ಅಜ್ಜಿಗೆ ಸೋಡಿಯಂ ಗೊತ್ತಿರಲಿಲ್ಲ, ಗಂಜಿಗೆ ಉಪ್ಪು ಬೇಕೆಂಬುದು ಗೊತ್ತಿತ್ತು.

ಪ್ರಪಂಚದಲ್ಲಿ ಇಂದಿಗೂ ವರ್ಷಕ್ಕೆ ಐದು ವರ್ಷದೊಳಗಿನ ನಾಲ್ಕು ಲಕ್ಷಕ್ಕೂ ಹೆಚ್ಚು ಮಕ್ಕಳು ಭೇದಿಯಿಂದ ಸಾಯುತ್ತಿದ್ದಾರೆ. ಪೊಟ್ಟಣ ಸಿಗದೆ ಕೆಲವರು, ಸಿಕ್ಕರೂ ಕುಡಿಸುವ ಕ್ರಮ ತಿಳಿಯದೆ ಕೆಲವರು. 'ಅಭಿಸರಣೆ ಎಂದರೇನು? ಉದಾಹರಣೆಯೊಂದಿಗೆ ವಿವರಿಸಿ' ಎಂಬ ಪ್ರಶ್ನೆಯನ್ನು ನಾವೆಲ್ಲ ಪರೀಕ್ಷೆಯಲ್ಲಿ ಬರೆದವರೇ. ಅಂಕ ಪಡೆದು ಮರೆತವರೂ ಹೌದು.

ಆ ದಿನ ಸೊಸೆ ಲೋಟವನ್ನು ಮೋರಿಗೆ ಸುರಿದು, ಲೀಟರ್ ಬಾಟಲಿ ಅಳೆದು ಹೊಸ ಪೊಟ್ಟಣ ಕಲಸಿದಳು. ಕಣ್ಣೀರಿಗಿಂತ ಉಪ್ಪಾಗಿರಬಾರದೆಂದು ತುಸು ರುಚಿಯನ್ನೂ ನೋಡಿದಳು. ತಮ್ಮನ ತಲೆಯ ಬಳಿ ಕುಳಿತು ಗಡಿಯಾರ ನೋಡುತ್ತ ಚಮಚ ಚಮಚವಾಗಿ ಕುಡಿಸಿದಳು. ಸಂಜೆಯ ಹೊತ್ತಿಗೆ ಅವನು ಮೂತ್ರ ಮಾಡಿದ. ಅದು ಆ ಮನೆಗೆ ಅಂದಿನ ದೊಡ್ಡ ಸುದ್ದಿ. ಮರುದಿನ ಎದ್ದು ಕುಳಿತು ಗಂಜಿ ಬೇಡವೆಂದು ಹಟ ಮಾಡಿದ. ಮೂರನೆಯ ದಿನ ನನ್ನ ಬಳಿ ಬಂದು ಮೆಲ್ಲನೆ ಕೇಳಿದ: 'ಮಾಮ, ಸಂಜೆ ಪಾನಿಪುರಿ?'

ನಾನು ಉತ್ತರ ಕೊಡುವ ಮೊದಲೇ ಒಳಗಿನಿಂದ ಇಬ್ಬರು ಹೆಂಗಸರ ದನಿ ಕೇಳಿಸಿತು. ಒಂದು ತಂಗಿಯದು, ಇನ್ನೊಂದು ಒಂಬತ್ತನೆಯ ತರಗತಿಯದು.